ಬದಲಾದದ್ದು ಗುಹೆಯೋ, ನನ್ನ ಕಿವಿಯೋ?

ಕೊಡಗಿನ ಕಕ್ಕಬ್ಬೆ ಕಡೆ ನಮ್ಮ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಾಗದಲ್ಲಿ, ಒಂದು ಗುಹೆಯಿದೆ. ದೊಡ್ಡದೇನಲ್ಲ, ಎರಡು ಬಂಡೆ ಒಂದಕ್ಕೊಂದು ಒರಗಿ ಆದ ಸಂದು. ಅಲ್ಲಿನ ಬಾವಲಿಗಳ ಲೆಕ್ಕವನ್ನು 2009ರಿಂದ ಬರೆದಿಡುತ್ತಿದ್ದೇನೆ. ಶುರುವಾದದ್ದು ಕಾಫಿ ಕೊಯ್ಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ.

ವರ್ಷದ ಕೊನೆಗೆ ಬರುವ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಮೂರು ಸಂಜೆ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೆ ಮೂರು ಸಂಜೆ. ಹೊತ್ತು ಮುಳುಗುವ ಅರ್ಧ ಗಂಟೆ ಮೊದಲು ಗುಹೆಬಾಯಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಪಕ್ಕಕ್ಕೆ ಸರಿದು ಕೂರುತ್ತೇನೆ. ಎದುರಿಗೆ ಕೂತರೆ ಅವು ಹೊರಡಲು ಹಿಂಜರಿಯುತ್ತವೆ. ಟಾರ್ಚಿಗೆ ಕೆಂಪು ಕಾಗದ, ಕೈಯಲ್ಲಿ ಒತ್ತುವ ಕೌಂಟರ್. ಜಾತಿ ಗುರುತಿಸಲು ಪುತ್ತರಿ ಸಮಯದಲ್ಲಿ ಮಾತ್ರ ಮಾಸ್ಕ್ ಹಾಕಿ ಹತ್ತು ನಿಮಿಷ ಒಳಗೆ ಇಣುಕುವುದು. ಬೇಸಿಗೆಯಲ್ಲಿ ಮರಿಗಳಿರುತ್ತವೆ, ಆಗ ಕಾಲಿಡುವುದಿಲ್ಲ. ಜೋರು ಮಳೆಯ ಕಕ್ಕಡ ತಿಂಗಳಲ್ಲೂ ಒಮ್ಮೆ ಕೂತು ನೋಡಿದೆ. ಆ ಮಳೆಗೆ ಬಾವಲಿ ಬರಲಿಲ್ಲ, ಜಿಗಣೆ ಬಂತು.

ಆಗ ನನಗೆ ಗೊತ್ತಿದ್ದದ್ದು ಮೂರೇ ಕಾಲಮ್. ಬಾಯಿಯ ಹತ್ತಿರ ಗುಂಪುಗೂಡಿ ಗಲಾಟೆ ಮಾಡುವ, ಕತ್ತಲಲ್ಲಿ ನಾಲಗೆಯಿಂದ ಟಿಕ್ ಟಿಕ್ ಅನ್ನಿಸಿ ದಾರಿ ಹುಡುಕುವ ಹಣ್ಣು ಬಾವಲಿ. ರೆಕ್ಕೆಯನ್ನೇ ಕಂಬಳಿಯಂತೆ ಹೊದ್ದು ನೇತಾಡುವ ಲಾಳಮೂಗಿನ ಬಾವಲಿ. ಉಳಿದವೆಲ್ಲ 'ಸಣ್ಣವು'. ಈ 'ಸಣ್ಣವು' ಮುಂದೆ ಸಾಕಷ್ಟು ಕಾಟ ಕೊಟ್ಟಿತು.

2015ರಲ್ಲಿ ಬಾವಲಿಗಳ ಕೂಗನ್ನು ನಮಗೆ ಕೇಳುವಂತೆ ಮಾಡುವ ಬ್ಯಾಟ್ ಡಿಟೆಕ್ಟರ್ ಕೊಂಡೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ದಾಟಿದ ಸದ್ದು ಕೇಳದು, ಲಾಳಮೂಗಿನದು ಕೂಗುವುದು 80ರ ಆಸುಪಾಸಿನಲ್ಲಿ. ಒಂದೇ ಸಂಜೆಗೆ ಐದು ಬಗೆಯ ಕೂಗು! "ಜಾತಿ ಹೆಚ್ಚಾಗಿದೆ" ಅಂತ ಬರೆದುಬಿಟ್ಟೆ. ಹೆಚ್ಚಾದದ್ದು ನನ್ನ ಕಿವಿ ಅಷ್ಟೇ. ಇನ್ನೊಂದು ತೊಡಕು: ದಕ್ಷಿಣ ಭಾರತದಲ್ಲಿ 90ರ ಹತ್ತಿರ ಕೂಗುವ ಲಾಳಮೂಗಿನವು ಬೇರೆಯದೇ ಪ್ರಭೇದವೆಂದು ವಂಶವಾಹಿ ನೋಡಿ 2012ರಲ್ಲಿ ವಿಂಗಡಿಸಿದ್ದರು. ನನ್ನ ಹಳೆಯ ಹಾಳೆಗಳನ್ನು ಹೇಗೆ ವಿಂಗಡಿಸಲಿ? ಹಾಗಾಗಿ ಈಗ ಎರಡು ಪುಸ್ತಕ. ಡಿಟೆಕ್ಟರಿನದು ಬೇರೆ. ವರ್ಷದಿಂದ ವರ್ಷಕ್ಕೆ ಹೋಲಿಸುವುದು ಹಳೆಯ ಮೂರು ಕಾಲಮ್ಮನ್ನೇ.

ಆ ಕಾಲಮ್ಮುಗಳಲ್ಲಿ ನಿಜವಾದ ಇಳಿತ ಕಂಡದ್ದು 2018ರಲ್ಲಿ. ಮೇ ತಿಂಗಳಲ್ಲಿ ಬಾವಲಿಯಿಂದ ಹರಡುವ ನಿಫಾ ಜ್ವರ ಕೋಝಿಕೋಡಿನಲ್ಲಿ ಕಾಣಿಸಿಕೊಂಡ ಸುದ್ದಿ ಬಂದದ್ದೇ ತಡ, ಯಾರೋ ಗುಹೆಗೆ ಹೊಗೆ ಹಾಕಿದರು. ಮರಿಗಳ ಕಾಲ. ಆಗಸ್ಟಿನ ಮಳೆಗೆ ಮೇಲಿನ ಗುಡ್ಡದ ಬರೆ ಜಾರಿ ಗುಹೆಬಾಯಿ ಅರ್ಧ ಮುಚ್ಚಿತು. ಯಾವುದರ ಪೆಟ್ಟು ಎಷ್ಟು ಎಂದು ನನ್ನ ಪುಸ್ತಕ ಹೇಳುವುದಿಲ್ಲ. ಜೊತೆಗೆ ಸುತ್ತಲಿನ ಕೆಲವು ತೋಟಗಳಲ್ಲಿ ಅತ್ತಿಮರ ಹೋಗಿ ಸಿಲ್ವರ್ ಓಕ್ ನಿಂತಿತ್ತು. ಲಾಳಮೂಗಿನದು ವರ್ಷಕ್ಕೆ ಒಂದೇ ಮರಿ ಹಾಕುವುದು, ನಿಧಾನಕ್ಕೆ ಚೇತರಿಸಿಕೊಳ್ಳುತ್ತಿವೆ. ಹಣ್ಣು ಬಾವಲಿ ಅಂದಿನಿಂದ ಇಲ್ಲ.

ಕಳೆದ ಪುತ್ತರಿಗೆ ಬಾಯಿಯ ಬಂಡೆ ಮೇಲೆ ಹಸಿ ಹಿಕ್ಕೆ ಕಂಡಿತು. ಕಡ್ಡಿಯಿಂದ ಕೆದಕಿದರೆ ಅತ್ತಿ ಬೀಜ. ಒಳಗೆ ಇಣುಕಿದೆ, ಒಂದೂ ಇರಲಿಲ್ಲ. ಕಾಲಮ್ಮಿನಲ್ಲಿ ಸೊನ್ನೆಯನ್ನೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ 'ಬೀಜ' ಅಂತ ಗುರುತು ಹಾಕಿಕೊಂಡೆ.