ಓಹಿಯೋದಿಂದ ಅರಿಝೋನಾಗೆ ಸ್ವಂತ ಪಿಸ್ತೂಲು ಸಾಗಿಸಿದ್ದು ಹೀಗೆ

ಕೊಲಂಬಸ್ ಬಿಟ್ಟು ಫೀನಿಕ್ಸ್‌ಗೆ ಮನೆ ಬದಲಿಸುವಾಗ ಪಿಸ್ತೂಲು ಕಳಿಸುವ ದಾರಿಯೇ ಸಿಗಲಿಲ್ಲ. ನನಗೆ ಗ್ರೀನ್ ಕಾರ್ಡ್ ಇದೆ, ಎರಡೂ ರಾಜ್ಯಗಳಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಮನೆ ಸಾಮಾನು ಸಾಗಿಸುವವರು ಬಂದೂಕು ಅಂದ ಕೂಡಲೇ ಬೇಡ ಅಂದರು. ಕೊರಿಯರ್‌ನವರು ಲೈಸೆನ್ಸ್ ಇರುವ ವ್ಯಾಪಾರಿಗಳಿಂದ ಮಾತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿನ ಗೆಳೆಯನಿಗೇ ಕೊಟ್ಟುಬಿಡೋಣ ಅಂದರೆ, ಬಂದೂಕು ವ್ಯಾಪಾರದ ಲೈಸೆನ್ಸ್ ಇಲ್ಲದ ಇಬ್ಬರು ರಾಜ್ಯದಾಚೆ ಹಾಗೆ ಕೊಟ್ಟು ತೆಗೆದುಕೊಳ್ಳುವುದು ಫೆಡರಲ್ ಅಪರಾಧ. ಡೀಲರ್‌ನಿಂದ ಡೀಲರ್‌ಗೆ ಕಳಿಸಬಹುದು, ಆದರೆ ಖರ್ಚು ಜಾಸ್ತಿ.

ಕೆಲಸ ಆಗಿದ್ದು ವಿಮಾನದ ಚೆಕ್-ಇನ್ ಲಗೇಜಿನಲ್ಲಿ. ಮನೆಯಲ್ಲೇ ಮ್ಯಾಗಜಿನ್ (ಗುಂಡು ತುಂಬುವ ಭಾಗ) ತೆಗೆದು, ಚೇಂಬರ್ (ಹಾರಲಿರುವ ಗುಂಡು ಕೂರುವ ಜಾಗ) ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗದ ಎಲ್ಲಾ ತೂತುಗಳಿಗೂ ಬೀಗ ಹಾಕಿ. ಆಮೇಲೆ ಮೂಲೆ ಹಿಡಿದು ಎಳೆಯಿರಿ. ಬೆರಳು ತೂರುವಷ್ಟು ಬಾಯಿ ಬಿಟ್ಟರೂ ಆ ಪೆಟ್ಟಿಗೆ ನಡೆಯುವುದಿಲ್ಲ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಗುಂಡುಗಳು ಅವುಗಳ ಡಬ್ಬಿಯಲ್ಲೇ ಇರಬೇಕು, ತೂಕದ ಮಿತಿ ಸಾಮಾನ್ಯವಾಗಿ 5 ಕೆಜಿ. ಕೈಚೀಲದಲ್ಲಿ ಖಾಲಿ ಮ್ಯಾಗಜಿನ್ ಕೂಡ ಬೇಡ.

ಕೌಂಟರಿನಲ್ಲಿ "ಖಾಲಿ ಬಂದೂಕು ಇದೆ, ಡಿಕ್ಲೇರ್ ಮಾಡಬೇಕು" ಎನ್ನಿ. ಕೊಟ್ಟ ಚೀಟಿಗೆ ಸಹಿ ಹಾಕಿ ಅವರು ಹೇಳಿದಲ್ಲಿ ಇಡಿ. ತಪಾಸಣೆ ಮುಗಿಯಿತು ಅನ್ನುವವರೆಗೆ ಅಲ್ಲೇ ನಿಲ್ಲಿ, ಪೆಟ್ಟಿಗೆ ತೆಗೆಸಬೇಕಾಗಿ ಬಂದರೆ ಕೀಲಿ ಬೇಕಲ್ವಾ?

ನೇರ ವಿಮಾನವನ್ನೇ ಹಿಡಿಯಿರಿ. 2005ರಲ್ಲಿ ಯೂಟಾದ ಪ್ರಯಾಣಿಕನೊಬ್ಬನಿಗೆ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಲಗೇಜು ತೆಗೆದುಕೊಂಡು ಹೋಟೆಲಿನಲ್ಲಿ ಉಳಿದು, ಮರುದಿನ ಡಿಕ್ಲೇರ್ ಮಾಡಿದಾಗ ನ್ಯೂಜೆರ್ಸಿ ಕಾನೂನಿನಡಿ ಬಂಧನವಾಯಿತು. ಕ್ಯಾಲಿಫೋರ್ನಿಯಾಗೆ ಹೋಗುವವರು ಮೊದಲು ಆ ಬಂದೂಕಿಗೆ ಅಲ್ಲಿ ಅನುಮತಿ ಇದೆಯೇ ನೋಡಿ, ನೆಲೆಸಿದ 60 ದಿನದೊಳಗೆ ರಾಜ್ಯಕ್ಕೆ ವರದಿ ಕೊಡಬೇಕು.