ಹೊಸ ಸಮುದ್ರ ಕೇಬಲ್‌ನಿಂದ ಇಂಟರ್ನೆಟ್ ದರ ಇಳಿಯುವುದೇ ಎಂದು ಲೆಕ್ಕ ಹಾಕುವ ಬಗೆ

ಬೆಳೆಯುತ್ತಿರುವ ದೇಶವೊಂದರ ದಡಕ್ಕೆ ಹೊಸ ಸಮುದ್ರ ಕೇಬಲ್ ಬಂದಿತೆಂಬ ಸುದ್ದಿ ಓದಿದಾಗ, ಅದರ ಟೆರಾಬಿಟ್ ಸಾಮರ್ಥ್ಯವನ್ನು ಬದಿಗಿಟ್ಟು, ಅದರ ಲ್ಯಾಂಡಿಂಗ್ ಸ್ಟೇಷನ್ (ಕೇಬಲ್ ದಡ ಸೇರಿ ನೆಲದ ಜಾಲಕ್ಕೆ ಜೋಡಣೆಯಾಗುವ ಕೇಂದ್ರ) ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಿ. ಪತ್ರಿಕಾ ಪ್ರಕಟಣೆಗಳಲ್ಲಿ ಈ ವಿವರ ಕೊನೆಯ ಸಾಲಿನಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಪಶ್ಚಿಮ ಆಫ್ರಿಕದ ಸ್ಯಾಟ್-3 ಕೇಬಲ್ 2002ರಲ್ಲಿ ಕಾರ್ಯಾರಂಭ ಮಾಡಿದರೂ, ಅದನ್ನು ಹಾಕಿದ ಕಂಪನಿಗಳ ಒಕ್ಕೂಟದಲ್ಲಿ ಪಾಲು ಪಡೆದಿದ್ದ ಆಯಾ ದೇಶದ ಹಳೆಯ ದೂರವಾಣಿ ಕಂಪನಿಯೊಂದೇ ಹಲವು ದೇಶಗಳಲ್ಲಿ ಅದರ ಮಾರಾಟಗಾರನಾಗಿದ್ದುದರಿಂದ ಸಗಟು ದರ ವರ್ಷಗಟ್ಟಲೆ ದುಬಾರಿಯಾಗಿಯೇ ಉಳಿಯಿತು. ಅದೇ ಖಂಡದ ಪೂರ್ವ ತೀರದಲ್ಲಿ, ಅಲ್ಲಿಯವರೆಗೆ ಉಪಗ್ರಹವನ್ನೇ ನೆಚ್ಚಿಕೊಂಡಿದ್ದ ಕೆನ್ಯಾದ ಮೊಂಬಾಸಾಕ್ಕೆ 2009ರಲ್ಲಿ ಸೀಕಾಮ್ ಮತ್ತು ಟೀಮ್ಸ್, 2010ರಲ್ಲಿ ಈಸಿ ಕೇಬಲ್‌ಗಳು ಬೇರೆ ಬೇರೆ ಒಡೆತನದಲ್ಲಿ ಬಂದು ಸೇರಿದಾಗ ಸಗಟು ದರ ಕಡಿದಾಗಿ ಕುಸಿಯಿತು.

ಅನಂತರ ಖರೀದಿಯ ಲೆಕ್ಕಕ್ಕೆ ಬನ್ನಿ. ಕೇಬಲ್ ಸಾಮರ್ಥ್ಯವನ್ನು ಐಆರ್‌ಯು ಎಂಬ ದೀರ್ಘಾವಧಿಯ ಬಳಕೆಯ ಹಕ್ಕಾಗಿ, ಸಾಮಾನ್ಯವಾಗಿ 15 ವರ್ಷಕ್ಕೆ, ಮುಂಗಡ ಹಣ ಕಟ್ಟಿ ಕೊಳ್ಳುತ್ತಾರೆ. ನಿರ್ವಹಣೆಯ ವಾರ್ಷಿಕ ಶುಲ್ಕ ಬೇರೆ. ಉದಾಹರಣೆಗೆ, ಸೆಕೆಂಡಿಗೆ 10 ಗಿಗಾಬಿಟ್ ಸಾಮರ್ಥ್ಯಕ್ಕೆ 3 ಲಕ್ಷ ಡಾಲರ್ ಮುಂಗಡ, ವರ್ಷಕ್ಕೆ ಅದರ ಶೇ 4ರಷ್ಟು ನಿರ್ವಹಣೆ ಎಂದು ಇಟ್ಟುಕೊಳ್ಳಿ. ಮುಂಗಡವನ್ನು 180 ತಿಂಗಳಿಗೆ ಹಂಚಿದರೆ ಸುಮಾರು 1,667 ಡಾಲರ್, ನಿರ್ವಹಣೆಗೆ 1,000 ಡಾಲರ್, ಒಟ್ಟು ತಿಂಗಳಿಗೆ 2,667 ಡಾಲರ್ ಆಗುತ್ತದೆ. ಪೂರ್ತಿ ಬಳಸಿದರೆ ಒಂದು ಮೆಗಾಬಿಟ್‌ಗೆ ತಿಂಗಳಿಗೆ 27 ಸೆಂಟ್ ಬೀಳುತ್ತದೆ. ಗಿರಾಕಿಗಳು ಸಾಲದೆ 3 ಗಿಗಾಬಿಟ್ ಮಾತ್ರ ಬಳಕೆಯಾದರೆ 89 ಸೆಂಟ್. ಸಣ್ಣ ಸೇವಾ ಕಂಪನಿಗಳು ಎಡವುವುದು ಇಲ್ಲಿಯೇ. ಮುಂಗಡಕ್ಕೆ ತಂದ ಸಾಲದ ಬಡ್ಡಿಯನ್ನೂ, ಗಿರಾಕಿ ಸ್ಥಳೀಯ ಹಣ ಕೊಡುವಾಗ ಸಾಲ ಡಾಲರಿನಲ್ಲಿದ್ದರೆ ವಿನಿಮಯ ದರದ ಏರಿಳಿತವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ದಡದಿಂದ ಒಳನಾಡಿಗೆ ಹೋಗುವ ಫೈಬರ್‌ನ ಬಾಡಿಗೆಯನ್ನು ಮರೆಯಬೇಡಿ. ಮೊಂಬಾಸಾದಿಂದ ನೈರೋಬಿಗೆ ರಸ್ತೆಯಲ್ಲಿ ಸುಮಾರು 480 ಕಿ.ಮೀ.; ಕಡಲಿಲ್ಲದ ಉಗಾಂಡದ ಕಂಪಾಲಾ ತಲುಪಲು ಸಾವಿರ ಕಿ.ಮೀ. ಮೀರುತ್ತದೆ, ನಡುವೆ ಒಂದು ಗಡಿಯೂ ಇದೆ. ಈ ಹಾದಿಯಲ್ಲಿ ಪೈಪೋಟಿ ಇಲ್ಲದಿದ್ದರೆ ಸಮುದ್ರದಲ್ಲಿ ಉಳಿತಾಯವಾದ ಹಣ ನೆಲದ ಮೇಲೆ ಸೋರಿಹೋಗುತ್ತದೆ.

ಕೇಬಲ್ ಕಡಿದಾಗ ಬೇಕಾಗುವ ಬದಲಿ ಮಾರ್ಗಕ್ಕೂ ಹಣ ತೆಗೆದಿಡಿ, ಆದರೆ ನಕ್ಷೆ ನೋಡಿ ಕೊಳ್ಳಿ. 2024ರ ಮಾರ್ಚ್‌ನಲ್ಲಿ ಐವರಿ ಕೋಸ್ಟ್‌ನ ಅಬಿಜಾನ್ ಬಳಿ ನಾಲ್ಕು ಕೇಬಲ್‌ಗಳು ಒಟ್ಟಿಗೇ ಹಾಳಾದವು. ಕಡಲತಳದ ಒಂದೇ ಹಾದಿ ಹಿಡಿದ ಎರಡು ಕೇಬಲ್‌ಗಳನ್ನು ಬದಲಿ ಮಾರ್ಗದ ದೃಷ್ಟಿಯಿಂದ ಒಂದೆಂದೇ ಎಣಿಸಬೇಕು. ಕೊನೆಗೆ, ಕೊಳ್ಳಬೇಕಾದ ಗಿಗಾಬಿಟ್ ಎಷ್ಟೆಂದು ನಿರ್ಧರಿಸುವ ಮುನ್ನ, ಸ್ಥಳೀಯ ಇಂಟರ್ನೆಟ್ ಎಕ್ಸ್‌ಚೇಂಜ್ (ಸೇವಾ ಕಂಪನಿಗಳು ಪರಸ್ಪರ ಡೇಟಾ ವಿನಿಮಯ ಮಾಡಿಕೊಳ್ಳುವ ಕೇಂದ್ರ) ಮತ್ತು ವಿಡಿಯೊ ಕ್ಯಾಶೆಗಳಿಂದ (ಹೆಚ್ಚು ನೋಡುವ ವಿಡಿಯೊಗಳ ಪ್ರತಿ ಇಟ್ಟಿರುವ ಸ್ಥಳೀಯ ಸರ್ವರ್‌ಗಳಿಂದ) ಊರಿನಲ್ಲೇ ಪೂರೈಸಬಹುದಾದ ಡೇಟಾ ದಟ್ಟಣೆಯನ್ನು ಅದರಿಂದ ಕಳೆಯಿರಿ.