ಓರಿಗ್ಯಾನೊ ಬೇರೆ, ಥೈಮ್ ಬೇರೆ

ಓರಿಗ್ಯಾನೊ ಮುಗಿದಿದ್ದರೆ ಅಷ್ಟೇ ಥೈಮ್ ಸುರಿದುಬಿಡುತ್ತಾರೆ ಈಗಿನ ಮಕ್ಕಳು. ಕೇಳಿದರೆ 'ಎರಡೂ ಒಂದೇ ಅಲ್ವಾ' ಅಂತಾರೆ. ಅಲ್ಲ ಕಣ್ರೇ! ಎರಡೂ ಪುದೀನದ ಕುಟುಂಬದ ಘಮದ ಸೊಪ್ಪುಗಳು, ನಿಜ. ಆದರೆ ಅಕ್ಕತಂಗಿಯರಾದರೆ ಸ್ವಭಾವ ಒಂದೇ ಇರಬೇಕೇ?

ಹಸಿ ಓರಿಗ್ಯಾನೊ ಎಲೆ ಒಂದನ್ನು ಜಗಿದು ನೋಡಿ. ನಾಲಿಗೆಯ ತುದಿ ಜುಮ್ಮೆನ್ನುತ್ತದೆ, ಹಿಂದೆಯೇ ಸಣ್ಣ ಕಹಿ. ಅದು ಕಾರ್ವಕ್ರಾಲ್ ಎಂಬ ಎಣ್ಣೆಯ ಅಂಶದ ಕೆಲಸ. ಥೈಮ್‌ನಲ್ಲಿ ಜಾಸ್ತಿ ಇರುವುದು ಥೈಮಾಲ್. ಓಮದ ಕಾಳಿನಲ್ಲಿರುವುದೂ ಅದೇ, ಅದಕ್ಕೇ ಥೈಮ್ ಮೂಸಿದರೆ ಓಮ ನೆನಪಾಗುತ್ತದೆ. ಓರಿಗ್ಯಾನೊ ಮುನ್ನುಗ್ಗುವ ರುಚಿ, ಟೊಮೆಟೊ ಹುಳಿಗೆ ಸರಿಜೋಡಿ. ಥೈಮ್ ಮೆಲ್ಲಗೆ ಒಳಗಿಳಿಯುವಂಥದ್ದು. ಕಾಳು, ಸೂಪು, ಮಾಂಸ ಬೇಯುವಾಗ ಮೊದಲೇ ಕಡ್ಡಿ ಸಮೇತ ಹಾಕಿ, ಕೊನೆಗೆ ಕಡ್ಡಿ ತೆಗೆಯಿರಿ. ಎಷ್ಟು ಹೊತ್ತು ಕುದಿದರೂ ಸೋಲುವುದಿಲ್ಲ. ಹಸಿ ಓರಿಗ್ಯಾನೊ ಮಾತ್ರ ಇಳಿಸುವ ಮುಂಚೆ.

ಥೈಮ್ ಎಲೆಯನ್ನು ಒಂದೊಂದಾಗಿ ಕೀಳುತ್ತಾ ಕೂರಬೇಡಿ, ನೋಡಿದರೆ ನನಗೆ ಮೈ ಉರಿಯುತ್ತದೆ. ತುದಿ ಹಿಡಿದು ಎರಡು ಬೆರಳಲ್ಲಿ ಬುಡದ ಕಡೆಗೆ ಜಾರಿಸಿ, ಎಲ್ಲ ಉದುರುತ್ತವೆ.

ಇನ್ನು ಒಣಗಿಸುವುದು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಮೊದಲ ವರ್ಷ ಒಂದು ಮೊರದ ತುಂಬ ಓರಿಗ್ಯಾನೊವನ್ನು ಬಿಸಿಲಿಗೆ ಹಾಕಿದ್ದೆ. ಸಂಜೆಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಬರೀ ಹುಲ್ಲು. ಅವತ್ತಿನಿಂದ ನೆರಳೇ. ಮೊಗ್ಗು ಕಂಡು ಹೂ ಅರಳುವ ಮೊದಲು ಕೊಯ್ಯಬೇಕು, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ. ಹೆಬ್ಬೆರಳಿನಷ್ಟು ದಪ್ಪದ ಕಟ್ಟು ಸಾಕು, ದಪ್ಪ ಕಟ್ಟಿದರೆ ನಡುವೆ ಬೂಸಲು ಬರುತ್ತದೆ. ದಾರ ಬೇಡ, ರಬ್ಬರ್ ಬ್ಯಾಂಡ್ ಹಾಕಿ. ಕಡ್ಡಿ ಒಣಗಿ ಸಣ್ಣಗಾದಾಗ ದಾರ ಸಡಿಲವಾಗಿ ಕಟ್ಟು ಕೆಳಗೆ ಬೀಳುತ್ತದೆ, ರಬ್ಬರ್ ಬ್ಯಾಂಡ್ ತಾನೂ ಬಿಗಿಯುತ್ತಾ ಹೋಗುತ್ತದೆ. ಕಾಗದದ ಚೀಲಕ್ಕೆ ನಾಲ್ಕಾರು ತೂತು ಮಾಡಿ, ಕಟ್ಟನ್ನು ಅದರೊಳಗೆ ತಲೆಕೆಳಗಾಗಿ ತೂಗುಹಾಕಿ. ಉದುರಿದ ಎಲೆ ಚೀಲದಲ್ಲೇ ಉಳಿಯುತ್ತದೆ, ಧೂಳೂ ಕೂರುವುದಿಲ್ಲ. ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ. ಒಂದೆರಡು ವಾರದಲ್ಲಿ ಕಡ್ಡಿ ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ಬಾಗಿದರೆ ಇನ್ನೂ ಬಿಡಿ.

ಬಾಟಲಿಗೆ ಎಲೆ ಇಡಿಯಾಗಿಯೇ ಹೋಗಲಿ. ತೊಳೆದ ಬಾಟಲಿಯನ್ನು ಬಟ್ಟೆಯಲ್ಲಿ ಒರೆಸಿ ಆಗಲೇ ಮುಚ್ಚಳ ಹಾಕುವವರಿದ್ದಾರೆ! ಯಾವ ಡಬ್ಬವೇ ಆಗಲಿ, ರಾತ್ರಿಯಿಡೀ ಬೋರಲು ಹಾಕಿಡಿ. ಎಲೆ ತುಂಬಿದ ಮೇಲೂ ಮೂರು ದಿನ ಗಾಜನ್ನು ನೋಡುತ್ತಿರಿ, ಒಳಗೆ ಮಂಜು ಕಟ್ಟಿದರೆ ಎಲೆ ಹೊರಗೆ ಹರವಿ. ಒಲೆಯ ಪಕ್ಕ ಇಡಬೇಡಿ, ಸುಮ್ನೆ ಘಮ ಹಾಳು.

ಒಣ ಎಲೆಯ ವಾಸನೆ ಗಟ್ಟಿ, ಮೂರು ಚಿಟಿಕೆ ಹಸಿ ಎಲೆಯ ಜಾಗಕ್ಕೆ ಒಂದು ಚಿಟಿಕೆ ಸಾಕು. ಅದನ್ನೂ ಹಾಕುವ ಹೊತ್ತಿಗೆ ಅಂಗೈಯಲ್ಲಿಟ್ಟು ಹೆಬ್ಬೆರಳಿಂದ ತಿಕ್ಕಿ, ಪಾತ್ರೆಯ ಮೇಲೆಯೇ. ಆಮೇಲೆ ಕೈ ಮೂಸಿ ನೋಡಿ. ಘಮ ಬರಲಿಲ್ಲ ಅಂದರೆ ಆ ಬಾಟಲಿ ಹಳೆಯದು, ಚೆಲ್ಲಿಬಿಡಿ.